ಆರು ಜನರ ಗುಂಪು, ಒಬ್ಬಳ ವರದಿ: ನಾಯಕತ್ವದ ಕ್ಲಾಸಿನಲ್ಲೇ ನಡೆದ ಒಂದು ಪ್ರಕರಣ

"ಎಲ್ಲರಿಗೂ 37 ಯಾಕೆ ಮೇಡಂ?"

ಪ್ರಾಜೆಕ್ಟ್ ಮಾರ್ಕ್ಸ್ ಹೇಳಿದ ದಿನ ಸಂಜೆ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೀಗೆ ಕೇಳಿದಳು. 40ಕ್ಕೆ 37 ಅಂದರೆ ಇಡೀ ಕ್ಲಾಸಿಗೇ ಜಾಸ್ತಿ. ಅವಳ ಗುಂಪಿಗೆ ಖುಷಿಯಾಗಬೇಕಿತ್ತು. ಆದರೆ ಅವಳ ಮುಖ ಬಾಡಿತ್ತು. "ಗುಂಪಿನಲ್ಲಿ ಆರು ಜನ ಇದ್ದೀವಿ. ಕೆಲಸ ಮಾಡಿದ್ದು ನಾನೊಬ್ಬಳೇ. ನನಗೂ 37, ಅವರಿಗೂ 37" ಅಂದಳು. ಕಣ್ಣಲ್ಲಿ ನೀರು ನಿಂತಿತ್ತು.

ನಾನು ಪದವಿ ವಿದ್ಯಾರ್ಥಿಗಳಿಗೆ ಸಂಘಟನಾ ನಾಯಕತ್ವ ಮತ್ತು ನಿರ್ವಹಣೆ ಎಂಬ ಕೋರ್ಸ್ ಕಲಿಸುತ್ತೇನೆ. ಗುಂಪು ಪ್ರಾಜೆಕ್ಟ್ ಕೊಡುವ ಪ್ರತಿಯೊಬ್ಬ ಮೇಷ್ಟರೂ ಈ ದೂರನ್ನು ಕೇಳಿರುತ್ತಾರೆ. ಒಬ್ಬರು ದುಡಿಯುತ್ತಾರೆ, ಉಳಿದವರು ಮೈಗಳ್ಳರು, ಮಾರ್ಕ್ಸ್ ಮಾತ್ರ ಸಮ. ನಾನೂ ಹಾಗೇ ಅಂದುಕೊಂಡೆ. ಮೂರು ದಿನ ಹಾಗೇ ಅಂದುಕೊಂಡಿದ್ದೆ. ನಾಲ್ಕನೇ ದಿನ ಆ ಗುಂಪಿನ ಶೇರ್ಡ್ ಡಾಕ್ಯುಮೆಂಟಿನ ಎಡಿಟ್ ಹಿಸ್ಟರಿ (ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು ಅನ್ನುವ ದಾಖಲೆ) ತೆರೆದು ನೋಡಿದಾಗ ಕಥೆಯೇ ಬೇರೆ ಇತ್ತು. ಅದನ್ನು ಪೂರ್ತಿಯಾಗಿ ಬರೆದಿಡಬೇಕು ಅನಿಸಿತು. ಇದರಲ್ಲಿ ಅತಿ ದೊಡ್ಡ ತಪ್ಪು ನನ್ನದೇ ಅನ್ನುವುದೂ ಅದಕ್ಕೆ ಒಂದು ಕಾರಣ.

ಕೋರ್ಸ್ ಮತ್ತು ಪ್ರಾಜೆಕ್ಟ್

ಇದು ಪದವಿಯ ಕೊನೇ ವರ್ಷದ ಕೋರ್ಸ್, 15 ವಾರಗಳದ್ದು. ಮೊದಲ ಭಾಗದಲ್ಲಿ ಹಳೇ ಪಾಠಗಳಿರುತ್ತವೆ: ಅಮೆರಿಕದ ಎಂಜಿನಿಯರ್ ಟೇಲರ್ 1911ರಲ್ಲಿ ಮುಂದಿಟ್ಟ ವೈಜ್ಞಾನಿಕ ನಿರ್ವಹಣೆ, ಫ್ರಾನ್ಸಿನ ಗಣಿ ಎಂಜಿನಿಯರ್ ಫಯೋಲ್ 1916ರಲ್ಲಿ ಬರೆದ ನಿರ್ವಹಣೆಯ 14 ತತ್ವಗಳು, ಅಮೆರಿಕದ ಹಾಥಾರ್ನ್ ಕಾರ್ಖಾನೆಯ ಕೆಲಸಗಾರರ ಮೇಲೆ 1924ರಲ್ಲಿ ಶುರುವಾದ ಹಾಥಾರ್ನ್ ಪ್ರಯೋಗಗಳು. ಆಮೇಲೆ ನಾಯಕತ್ವದ ಶೈಲಿಗಳು, ಪ್ರೇರಣೆ, ಕೆಲಸ ಹಂಚಿಕೆ, ಜಗಳ ಬಗೆಹರಿಸುವುದು. ಪರೀಕ್ಷೆಗೆ 60 ಅಂಕ, ಗುಂಪು ಪ್ರಾಜೆಕ್ಟಿಗೆ 40.

ಪ್ರಾಜೆಕ್ಟ್ ಸರಳವಾದದ್ದು. ಕಾಲೇಜಿನೊಳಗಿನ ಯಾವುದಾದರೂ ಒಂದು ವಿಭಾಗವನ್ನು ಆರಿಸಿಕೊಳ್ಳಬೇಕು. ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ಹೋಗಿ ನೋಡಬೇಕು. ಒಂದು ಸುಧಾರಣೆ ಸೂಚಿಸಿ, ಅಲ್ಲಿನ ಮುಖ್ಯಸ್ಥರ ಎದುರೇ ಮಂಡಿಸಬೇಕು. ಗುಂಪುಗಳನ್ನು ನಾನೇ ಮಾಡಿದೆ. ಪ್ರತಿ ಗುಂಪಿಗೆ ಲೀಡರನ್ನೂ ನಾನೇ ಆರಿಸಿದೆ, ಹಿಂದಿನ ಸೆಮಿಸ್ಟರಿನ ಅಂಕ ನೋಡಿ. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಯಾರಾದರೂ ಒಬ್ಬರು ಹೊಣೆ ಹೊರಬೇಕಲ್ವಾ?

ಈ ಗುಂಪು ಆರಿಸಿಕೊಂಡದ್ದು ಲೈಬ್ರರಿಯನ್ನು. ಮಧ್ಯಾಹ್ನದ ಬಿಡುವಿನಲ್ಲಿ ಪುಸ್ತಕ ವಾಪಸ್ ಕೊಡುವ ಕೌಂಟರಿನ ಮುಂದೆ ಉದ್ದನೆಯ ಕ್ಯೂ. ಅದನ್ನು ಕಡಿಮೆ ಮಾಡುವುದು ಹೇಗೆ ಅನ್ನುವುದು ಅವರ ಪ್ರಶ್ನೆ.

ಆರು ಜನ ಯಾರ್ಯಾರು ಅಂತ ಸ್ವಲ್ಪ ಹೇಳಬೇಕು. ಹೆಸರು ಬೇಡ. ಲೀಡರ್ ಹುಡುಗಿ ಕ್ಲಾಸಿನ ಮೊದಲ ಮೂವರಲ್ಲಿ ಒಬ್ಬಳು, ಯಾವ ಅಸೈನ್‌ಮೆಂಟನ್ನೂ ತಡವಾಗಿ ಕೊಟ್ಟವಳಲ್ಲ. ಇನ್ನೊಬ್ಬ ಹುಡುಗ ಹಿಂದಿನ ಸಾಲಿನಲ್ಲಿ ಕೂರುವವನು, ಅಂಕ ಸಾಧಾರಣ, ಮಾತು ಕಡಿಮೆ. ಅವನನ್ನು ಕೌಂಟರಿನ ಹುಡುಗ ಅಂತ ಕರೆಯುತ್ತೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಸ್ಲೈಡ್ ಮಾಡಿದ ಇಬ್ಬರು ಗೆಳತಿಯರಿದ್ದರು. ಪ್ರಶ್ನಾವಳಿ ಹಂಚಿದ ಹುಡುಗಿ ಒಬ್ಬಳು. ಆರನೆಯವನು ಮೀಟಿಂಗಿಗೆ ಬಂದದ್ದೇ ಎರಡು ಸಲ.

37 ಸಿಕ್ಕ ವರದಿ

32 ಪುಟ. ಅಚ್ಚುಕಟ್ಟಾದ ಚಾರ್ಟುಗಳು. 60 ವಿದ್ಯಾರ್ಥಿಗಳ ಪ್ರಶ್ನಾವಳಿ, ಪ್ರತಿ ಅಧ್ಯಾಯದ ಕೊನೆಯಲ್ಲಿ ನಾವು ಓದಿದ ಸಿದ್ಧಾಂತದ ಜೊತೆ ಹೋಲಿಕೆ. ಶಿಫಾರಸು ಹೀಗಿತ್ತು: ಬಿಡುವಿನ ಹೊತ್ತಿನಲ್ಲಿ ಕೌಂಟರಿಗೆ ಇನ್ನೊಬ್ಬ ಸಿಬ್ಬಂದಿ ಬೇಕು, ಇನ್ನೊಂದು ಕಂಪ್ಯೂಟರ್ ಬೇಕು. ಭಾಷೆ ತಪ್ಪಿಲ್ಲದ ಭಾಷೆ. ಮೊದಲ ಪುಟದಿಂದ ಕೊನೇ ಪುಟದವರೆಗೆ ಒಂದೇ ಧಾಟಿ. ನಾನು ಅದನ್ನು ಗುಣ ಅಂದುಕೊಂಡು ಅಂಕ ಹಾಕಿದೆ. ಆರು ಜನ ಬರೆದ ವರದಿ ಒಂದೇ ಧಾಟಿಯಲ್ಲಿ ಇರುವುದು ಹೇಗೆ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು.

ಪ್ರೆಸೆಂಟೇಶನ್ ದಿನ ಇನ್ನೊಂದು ಸುಳಿವು ಸಿಕ್ಕಿತ್ತು. ಅದನ್ನೂ ಬಿಟ್ಟೆ. ಲೈಬ್ರರಿಯನ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಕೌಂಟರಿನ ಹುಡುಗ ತನ್ನ ಪಾಲಿಗೆ ಬಂದ ಎರಡು ಸ್ಲೈಡ್ ಓದಿದ. ಅಕ್ಷರಶಃ ಓದಿದ, ಪರದೆ ನೋಡಿಕೊಂಡು. ಲೈಬ್ರರಿಯನ್ ಕೇಳಿದರು: "ಒಬ್ಬರಿಗೆ ಸರಾಸರಿ ಎಷ್ಟು ನಿಮಿಷ ಆಗುತ್ತೆ ಅಂತ ಬರೆದಿದ್ದೀರಲ್ಲ, ಅದನ್ನು ಹೇಗೆ ಅಳೆದಿರಿ?" ಅವನು ಬಾಯಿ ತೆರೆದ. ಏನೋ ಹೇಳಲು ಹೊರಟವನು ನಿಲ್ಲಿಸಿದ. ಪಕ್ಕಕ್ಕೆ ತಿರುಗಿ ಲೀಡರ್ ಕಡೆ ನೋಡಿದ. ಅವಳು ಒಂದು ಹೆಜ್ಜೆ ಮುಂದೆ ಬಂದು ಉತ್ತರ ಕೊಟ್ಟಳು. ಒಳ್ಳೆಯ ಉತ್ತರವೇ. ಅವನು ಮೈಕಿನಿಂದ ಹಿಂದೆ ಸರಿದು ಗೋಡೆಗೆ ಒರಗಿ ನಿಂತ.

ನಾನು ನನ್ನ ಹಾಳೆಯಲ್ಲಿ "ಲೀಡರ್ ಉತ್ತಮವಾಗಿ ನಿಭಾಯಿಸಿದಳು" ಅಂತ ಬರೆದುಕೊಂಡೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ದೂರು ಬಂದ ಮೇಲೆ

ಅಂಕಗಳನ್ನು ಕ್ಲಾಸಿನಲ್ಲಿ ಹೇಳಿದ್ದೆ ಅಷ್ಟೇ, ಪರೀಕ್ಷಾ ವಿಭಾಗಕ್ಕೆ ಇನ್ನೂ ಕಳಿಸಿರಲಿಲ್ಲ. ಹಾಗಾಗಿ ಎರಡು ವಾರ ಸಮಯವಿತ್ತು. ಮೊದಲು ಲೀಡರ್ ಜೊತೆ ಕೂತೆ.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಕೂತು ಬರೆದದ್ದು ನಿಜ. ಆರನೆಯವನಿಗೆ ಎಂಟು ಸಲ ಮೆಸೇಜ್ ಮಾಡಿದ್ದು ನಿಜ. ಒಂಬತ್ತನೇ ವಾರ ಅವಳಿಗೆ ಜ್ವರ ಬಂದು ನಾಲ್ಕು ದಿನ ಮಲಗಿದಾಗ ಗುಂಪಿನಲ್ಲಿ ಒಂದೇ ಒಂದು ಸಾಲು ಮುಂದೆ ಹೋಗಿರಲಿಲ್ಲ. ಅದನ್ನು ಹೇಳುವಾಗ ಅವಳ ದನಿ ಏರಿತು. "ನಾನಿಲ್ಲ ಅಂದ್ರೆ ಏನೂ ನಡೆಯಲ್ಲ ಮೇಡಂ. ಇದಕ್ಕಿಂತ ಸಾಕ್ಷಿ ಬೇಕಾ?"

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯಾಕೆಂದರೆ ಇದೇ ಸೆಮಿಸ್ಟರಿನಲ್ಲಿ ಇದೇ ಕ್ಲಾಸಿಗೆ ನಾನು 1939ರ ಒಂದು ಅಧ್ಯಯನ ಪಾಠ ಮಾಡಿದ್ದೆ. ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಮೂವರೂ ಸೇರಿ ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಕ್ಲಬ್ಬುಗಳಲ್ಲಿ ಮೂರು ಬಗೆಯ ನಾಯಕತ್ವವನ್ನು ಹೋಲಿಸಿ ನೋಡಿದರು. ಎಲ್ಲವನ್ನೂ ತಾನೇ ತೀರ್ಮಾನಿಸುವ ನಾಯಕ, ಹುಡುಗರ ಜೊತೆ ಕೂತು ತೀರ್ಮಾನಿಸುವ ನಾಯಕ, ಸುಮ್ನೆ ಬಿಟ್ಟುಬಿಡುವ ನಾಯಕ. ಮೊದಲ ಬಗೆಯ ಗುಂಪಿನಲ್ಲಿ ನಾಯಕ ಎದುರಿಗಿದ್ದಾಗ ಕೆಲಸ ಚೆನ್ನಾಗಿಯೇ ನಡೆಯಿತು. ಅವನು ಕೋಣೆಯಿಂದ ಹೊರಗೆ ಹೋದ ಕೂಡಲೇ ಬಿದ್ದುಹೋಯಿತು. ಎರಡನೇ ಬಗೆಯ ಗುಂಪಿನಲ್ಲಿ ನಾಯಕ ಹೊರಗೆ ಹೋದರೂ ಹುಡುಗರು ಕೆಲಸ ಮುಂದುವರಿಸಿದರು.

ಅವಳು ಉಳಿದವರ ಸೋಮಾರಿತನಕ್ಕೆ ಸಾಕ್ಷಿ ಅಂತ ಹೇಳಿದ ಆ ನಾಲ್ಕು ದಿನ, ನನಗೆ ಇನ್ನೇನನ್ನೋ ಹೇಳಿದವು. ಆದರೂ ಪೂರ್ತಿ ಖಾತ್ರಿಯಿರಲಿಲ್ಲ. ಹಾಗಾಗಿ ಎಡಿಟ್ ಹಿಸ್ಟರಿ ತೆರೆದೆ.

ಎಡಿಟ್ ಹಿಸ್ಟರಿಯಲ್ಲಿ ಕಂಡದ್ದು

ಬೇರೆ ಎಲ್ಲವನ್ನೂ ಬೇಗ ಹೇಳಿ ಮುಗಿಸಬಹುದು. ಇದನ್ನು ಮಾತ್ರ ನಿಧಾನವಾಗಿ ಹೇಳಬೇಕು.

ನಾಲ್ಕನೇ ವಾರದ ಒಂದು ಸಂಜೆ, 6 ಗಂಟೆ 20 ನಿಮಿಷಕ್ಕೆ ಕೌಂಟರಿನ ಹುಡುಗ ಡಾಕ್ಯುಮೆಂಟ್ ತೆರೆದಿದ್ದಾನೆ. ಒಂದೂವರೆ ಗಂಟೆ ಕೂತು ಎರಡು ಪುಟ ಬರೆದಿದ್ದಾನೆ. ಬರವಣಿಗೆ ಒರಟು. ಕಾಗುಣಿತ ತಪ್ಪುಗಳಿವೆ. ವಾಕ್ಯಗಳು ಒಂದರ ಮೇಲೊಂದು ಬಿದ್ದಿವೆ. ಆದರೆ ವಿಷಯ ನೋಡಿ. ಅವನು ಮೂರು ದಿನ ಮಧ್ಯಾಹ್ನದ ಬಿಡುವಿನಲ್ಲಿ ಕೌಂಟರಿನ ಪಕ್ಕದಲ್ಲೇ ನಿಂತಿದ್ದಾನೆ. ಯಾರು ಬಂದರು, ಎಷ್ಟು ಹೊತ್ತು ನಿಂತರು, ಏನು ಮಾಡಿದರು ಅಂತ ಫೋನಿನ ಗಡಿಯಾರ ನೋಡಿ ಬರೆದುಕೊಂಡಿದ್ದಾನೆ. ಅವನ ಒಂದು ಸಾಲು ಹೀಗಿತ್ತು: "ದಂಡ ಇರೋರು ಎರಡು ಸಲ ಕ್ಯೂ ನಿಲ್ತಾರೆ."

ವಿಷಯ ಇಷ್ಟೇ. ಅವಧಿ ಮೀರಿದ ಪುಸ್ತಕಕ್ಕೆ ದಂಡ ಕಟ್ಟಬೇಕು. ದಂಡ ಕಟ್ಟುವುದು ಲೈಬ್ರರಿಯಲ್ಲಲ್ಲ, ಇನ್ನೊಂದು ಕಟ್ಟಡದ ಲೆಕ್ಕದ ವಿಭಾಗದಲ್ಲಿ. ವಿದ್ಯಾರ್ಥಿ ಕ್ಯೂನಲ್ಲಿ ನಿಂತು ಕೌಂಟರಿಗೆ ಬರುತ್ತಾನೆ, ದಂಡ ಇದೆ ಅಂತ ಆಗ ಗೊತ್ತಾಗುತ್ತದೆ. ಅಲ್ಲಿಗೆ ಹೋಗಿ ಕಟ್ಟಿ, ರಸೀದಿ ಹಿಡಿದು ವಾಪಸ್ ಬರುತ್ತಾನೆ, ಮತ್ತೆ ಕ್ಯೂನ ಕೊನೆಗೆ ನಿಲ್ಲುತ್ತಾನೆ. ಕ್ಯೂನ ಮೂರರಲ್ಲಿ ಒಂದು ಭಾಗ ಹೀಗೆ ಎರಡನೇ ಸಲ ನಿಂತವರದ್ದು ಅಂತ ಅವನು ಎಣಿಸಿದ್ದ. ಇನ್ನೊಬ್ಬ ಸಿಬ್ಬಂದಿಯೂ ಬೇಡ, ಇನ್ನೊಂದು ಕಂಪ್ಯೂಟರೂ ಬೇಡ, ರಸೀದಿ ಇರುವವರನ್ನು ನೇರ ಮುಂದೆ ಬಿಟ್ಟರೆ ಸಾಕು ಅಂತ ಬರೆದಿದ್ದ.

ಅದೇ ರಾತ್ರಿ 11 ಗಂಟೆ 47ಕ್ಕೆ ಲೀಡರ್ ಡಾಕ್ಯುಮೆಂಟ್ ತೆರೆದಿದ್ದಾಳೆ. 11 ಗಂಟೆ 58ಕ್ಕೆ ಆ ಎರಡು ಪುಟ ಇಲ್ಲ. ಹನ್ನೊಂದು ನಿಮಿಷ. ಆ ಜಾಗದಲ್ಲಿ ಕ್ಯೂ ಸಿದ್ಧಾಂತದ (ಸಾಲಿನಲ್ಲಿ ಕಾಯುವುದನ್ನು ಗಣಿತದಿಂದ ಲೆಕ್ಕ ಹಾಕುವ ವಿಧಾನದ) ಬಗ್ಗೆ ಒಂದು ಅಚ್ಚುಕಟ್ಟಾದ ಪ್ಯಾರಾ ಬಂದಿದೆ. ಅವನಿಗೆ ಒಂದು ಕಾಮೆಂಟ್ ಇಲ್ಲ. ಗುಂಪಿನ ಚಾಟಿನಲ್ಲಿ ಒಂದು ಮಾತಿಲ್ಲ.

ಅದಾದ ಮೇಲೆ ಇಡೀ ಸೆಮಿಸ್ಟರಿನಲ್ಲಿ ಆ ಹುಡುಗ ಡಾಕ್ಯುಮೆಂಟನ್ನು ನಾಲ್ಕು ಸಲ ತೆರೆದಿದ್ದಾನೆ. ಒಂದು ಅಕ್ಷರವನ್ನೂ ಬರೆದಿಲ್ಲ.

ಸ್ಲೈಡ್ ಮಾಡಿದ ಗೆಳತಿಯರದ್ದೂ ಹೆಚ್ಚುಕಡಿಮೆ ಇದೇ ಕಥೆ. ಏಳನೇ ವಾರ ಅವರು ಬರೆದ ಒಂದು ಭಾಗ ರಾತ್ರೋರಾತ್ರಿ ಬದಲಾಗಿತ್ತು. ಪ್ರಶ್ನಾವಳಿಯ ಹುಡುಗಿ ತನ್ನ ಪಾಲಿನದನ್ನು ಮುಗಿಸಿ ಕೊಟ್ಟಿದ್ದಳು, ಅವಳ ಅಂಕಿಗಳು ಹಾಗೇ ಉಳಿದಿದ್ದವು. ಆರನೆಯವನ ಹೆಸರು ಹಿಸ್ಟರಿಯಲ್ಲಿ ಎಲ್ಲೂ ಇರಲಿಲ್ಲ. ಅವನ ವಿಷಯದಲ್ಲಿ ಲೀಡರ್ ಹೇಳಿದ್ದೇ ಸರಿ, ಅದರಲ್ಲಿ ಬೇರೆ ಮಾತಿಲ್ಲ.

ಮಾತುಕತೆ

ಕೌಂಟರಿನ ಹುಡುಗನನ್ನು ಒಬ್ಬನನ್ನೇ ಕರೆದು ಕೇಳಿದೆ. "ನೀನು ಬರೆದದ್ದು ಯಾಕೆ ತೆಗೆದರು ಅಂತ ಕೇಳಲಿಲ್ವಾ?"

"ಅವರು ಚೆನ್ನಾಗಿ ಓದ್ತಾರೆ ಮೇಡಂ. ನಂದು ಸರಿಯಿರ್ಲಿಲ್ಲ ಅನ್ಸುತ್ತೆ."

"ಆಮೇಲೆ ಯಾಕೆ ಬರೀಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಬರೆದ್ರೂ ಒಂದೇ, ಬರೀದಿದ್ರೂ ಒಂದೇ ಅಲ್ವಾ ಮೇಡಂ. ಹೆಂಗಿದ್ರೂ ಅವರು ಮಾಡ್ತಾರೆ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು.

ಲೀಡರಿಗೆ ಅದೇ ಎರಡು ಪುಟ ತೋರಿಸಿದೆ. ಅವಳಿಗೆ ಮೊದಲು ನೆನಪೇ ಆಗಲಿಲ್ಲ. ಓದಿದಳು. ಎರಡನೇ ಸಲ ಓದಿದಳು. "ಆವತ್ತು ಪೂರ್ತಿ ಓದಿರಲಿಲ್ಲ ಮೇಡಂ. ಕಾಗುಣಿತ ನೋಡಿಯೇ ಗಾಬರಿ ಆಯ್ತು. ಇದನ್ನ ಹೀಗೇ ಕೊಟ್ಟರೆ ಮಾರ್ಕ್ಸ್ ಹೋಗುತ್ತೆ ಅನಿಸ್ತು" ಅಂದಳು. ಮತ್ತೆ ಅವಳೇ ಕೇಳಿದಳು: "ನಾನೇನು ಮಾಡಬೇಕಿತ್ತು? ಬರದೇ ಇದ್ದವರನ್ನ ಬರೋ ಹಾಗೆ ಮಾಡೋಕೆ ನನ್ನ ಕೈಲಿ ಏನಿತ್ತು? ಮಾರ್ಕ್ಸ್ ಹಾಕೋದು ನೀವು. ಕೆಟ್ಟದಾದರೆ ಬೈಸಿಕೊಳ್ಳೋದು ನಾನು."

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಫಯೋಲರ ಎರಡನೇ ತತ್ವ ಅಧಿಕಾರ ಮತ್ತು ಹೊಣೆಯ ಬಗ್ಗೆಯೇ ಇದೆ. ಎರಡೂ ಜೊತೆಯಲ್ಲಿರಬೇಕು ಅನ್ನುತ್ತದೆ ಅದು. ನಾನು ಅದನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳು. ಇಪ್ಪತ್ತು ವರ್ಷದ ಹುಡುಗಿಗೆ ಹೊಣೆ ಮಾತ್ರ ಕೊಟ್ಟು, ಅಧಿಕಾರ ನನ್ನ ಜೇಬಿನಲ್ಲಿಟ್ಟುಕೊಂಡವಳೂ ನಾನೇ.

ಇನ್ನೊಂದು ವಿಷಯ ಹೇಳಲೇಬೇಕು. ಆ ಸೆಮಿಸ್ಟರಿನ ಇಂಟರ್ನಲ್ ಪರೀಕ್ಷೆಯಲ್ಲಿ ಕೆಲಸ ಹಂಚಿಕೆ ಬಗ್ಗೆ ಒಂದು 10 ಅಂಕದ ಪ್ರಶ್ನೆ ಇತ್ತು. ಲೀಡರ್ ಹುಡುಗಿ ನಾಲ್ಕು ಪುಟ ಬರೆದಿದ್ದಳು. ಹಂಚಿದ ಕೆಲಸದಲ್ಲಿ ಕೈ ಹಾಕಬಾರದು, ತಪ್ಪು ಮಾಡಲು ಜಾಗ ಕೊಡಬೇಕು, ಎಲ್ಲ ಬರೆದಿದ್ದಳು. 10ಕ್ಕೆ 10 ಕೊಟ್ಟಿದ್ದೆ. ಹಂಚಿಕೆ ಅಂದರೆ ಏನು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಮಾಡಿದರೆ ಪ್ರಾಜೆಕ್ಟಿನಲ್ಲಿ ಅಂಕ ಹೋಗುವ ಭಯವಿತ್ತು. ನಾನು ಅಳೆಯುತ್ತಿದ್ದದ್ದು ವರದಿಯನ್ನು ಮಾತ್ರ ಅಂತ ಅವಳು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಳು.

ಇದಕ್ಕೆ ವಿವರಣೆ ಎಲ್ಲಿದೆ

ಗುಂಪಿನ ಮೈಗಳ್ಳತನದ ಬಗ್ಗೆ ನೂರು ವರ್ಷಕ್ಕೂ ಹಳೆಯ ಕೆಲಸಗಳಿವೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ 1880ರ ದಶಕದಲ್ಲಿ ಜನರಿಂದ ಭಾರ ಎಳೆಸಿ ಅಳೆದು, 1913ರಲ್ಲಿ ಪ್ರಕಟಿಸಿದರು. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿಗೆ ಬಂದ ಬಲ, ಒಬ್ಬರೇ ಎಳೆದಾಗಿನ ಸುಮಾರು ಅರ್ಧ ಮಾತ್ರ. ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದಿಲ್ಲ, ಅದಕ್ಕೇ ಬಲ ಪೋಲಾಗುತ್ತದೆ ಅಂತ ಹೇಳಬಹುದಿತ್ತು. 1974ರಲ್ಲಿ ಆಲನ್ ಇಂಗಮ್ ಮತ್ತು ಜೊತೆಗಾರರು ಅದನ್ನೂ ಪರೀಕ್ಷಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿದ ವ್ಯಕ್ತಿಗೆ ಹಿಂದೆ ಬೇರೆಯವರೂ ಎಳೆಯುತ್ತಿದ್ದಾರೆ ಅಂತ ನಂಬಿಸಿದರು. ನಿಜವಾಗಿ ಯಾರೂ ಎಳೆಯುತ್ತಿರಲಿಲ್ಲ. ಆದರೂ ಅವನ ಬಲ ಕಡಿಮೆಯಾಯಿತು. 1979ರಲ್ಲಿ ಬಿಬ್ ಲಟಾನೆ, ಕಿಪ್ಲಿಂಗ್ ವಿಲಿಯಮ್ಸ್, ಸ್ಟೀಫನ್ ಹಾರ್ಕಿನ್ಸ್ ಚಪ್ಪಾಳೆ ಮತ್ತು ಕೂಗಿನ ಮೇಲೆ ಇದನ್ನೇ ನೋಡಿದರು. 1981ರ ಅವರ ಇನ್ನೊಂದು ಕೆಲಸದಲ್ಲಿ, ತನ್ನ ಪಾಲು ಎಷ್ಟು ಅಂತ ಬೇರೆಯಾಗಿ ಗೊತ್ತಾಗುತ್ತದೆ ಅಂತ ತಿಳಿದಾಗ ಈ ಮೈಗಳ್ಳತನ ಮಾಯವಾಯಿತು.

ಆರನೆಯ ಹುಡುಗನಿಗೆ ಇದು ಸರಿಹೊಂದುತ್ತದೆ. ಅವನ ಪಾಲು ಎಲ್ಲೂ ಬೇರೆಯಾಗಿ ಕಾಣುತ್ತಿರಲಿಲ್ಲ, ಅವನಿಗೆ ಅದು ಗೊತ್ತಿತ್ತು. ಆದರೆ ಕೌಂಟರಿನ ಹುಡುಗನಿಗೆ ಈ ವಿವರಣೆ ಸಾಲದು. ಅವನು ಬರೆಯಲು ಶುರು ಮಾಡಿ ನಿಲ್ಲಿಸಿದವನು. ಅವನಿಗೆ ಹೊಂದುವುದು 1983ರಲ್ಲಿ ನಾರ್ಬರ್ಟ್ ಕರ್ ಮತ್ತು ಸ್ಟೀವನ್ ಬ್ರೂನ್ ತೋರಿಸಿದ ಸಂಗತಿ. ತನ್ನ ಶ್ರಮ ಇದ್ದರೂ ಇಲ್ಲದಿದ್ದರೂ ಗುಂಪಿನ ಫಲಿತಾಂಶ ಬದಲಾಗದು ಅನಿಸಿದಾಗ ಮನುಷ್ಯ ಕೈ ಬಿಡುತ್ತಾನೆ. "ಬರೆದ್ರೂ ಒಂದೇ, ಬರೀದಿದ್ರೂ ಒಂದೇ" ಅಂತ ಆ ಹುಡುಗ ಹೇಳಿದ್ದು ಇದನ್ನೇ. ಅವನು ಆ ಪ್ರಯೋಗದ ಬಗ್ಗೆ ಓದಿರಲಿಲ್ಲ. ನನ್ನ ಪಠ್ಯದಲ್ಲಿ ಅದಿರಲೂ ಇಲ್ಲ.

ಹಾಗಾದರೆ ಲೀಡರ್? ಅವಳನ್ನು ಸರ್ವಾಧಿಕಾರಿ ಅಂತ ಕರೆಯುವುದು ಸುಲಭ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಅಂದರು ಕೂಡ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅವಳು ಯಾರ ಮೇಲೂ ದರ್ಪ ತೋರಿಸಲಿಲ್ಲ. ಭಯದಿಂದ ಎಲ್ಲವನ್ನೂ ತನ್ನ ತಲೆ ಮೇಲೆ ಹೊತ್ತುಕೊಂಡಳು. ಅವಳ ಭಯಕ್ಕೆ ಕಾರಣ ನಾನು ಇಟ್ಟ ಅಂಕದ ಲೆಕ್ಕ. 1975ರಲ್ಲಿ ಸ್ಟೀವನ್ ಕರ್ (ಇವರು ಮೇಲಿನ ಕರ್ ಅಲ್ಲ) ಸಂಸ್ಥೆಗಳ ಈ ಗುಣವನ್ನು ಬಹಳ ನೇರವಾಗಿ ತೋರಿಸಿದರು: ಬಯಸುವುದು ಒಂದು, ಬಹುಮಾನ ಕೊಡುವುದು ಇನ್ನೊಂದಕ್ಕೆ. ಅವರು ಕೊಟ್ಟ ಉದಾಹರಣೆಗಳಲ್ಲಿ ವಿಶ್ವವಿದ್ಯಾಲಯಗಳೂ ಇದ್ದವು. ಒಳ್ಳೆಯ ಪಾಠ ಬೇಕು ಅನ್ನುತ್ತಾರೆ, ಬಡ್ತಿಯನ್ನು ಸಂಶೋಧನೆ ನೋಡಿ ಕೊಡುತ್ತಾರೆ. ನಾನು ತಂಡ ಕಟ್ಟುವುದನ್ನು ಕಲಿಯಲಿ ಅಂತ ಬಯಸಿದೆ. ಅಂಕ ಕೊಟ್ಟದ್ದು 32 ಪುಟದ ಕಾಗದಕ್ಕೆ.

ನನ್ನ ಮುಂದಿದ್ದ ದಾರಿಗಳು

ಅಂಕ ಹಾಗೇ ಬಿಡಬಹುದಿತ್ತು. ನಿಯಮದಲ್ಲಿ ಎಲ್ಲರಿಗೂ ಸಮ ಅಂತಲೇ ಇತ್ತು. ಲೀಡರ್ ಕೇಳಿದ ಹಾಗೆ ಉಳಿದ ಐವರಿಗೆ ಕಡಿಮೆ ಮಾಡಬಹುದಿತ್ತು. ಎಡಿಟ್ ಹಿಸ್ಟರಿಯಲ್ಲಿ ಅಕ್ಷರ ಎಣಿಸಿ ಅಂಕ ಹಂಚಬಹುದು ಅಂತ ಇನ್ನೊಬ್ಬ ಸಹೋದ್ಯೋಗಿ ಸಲಹೆ ಕೊಟ್ಟರು. ಅದು ನ್ಯಾಯದ ಹಾಗೆ ಕಾಣುತ್ತದೆ. ಆದರೆ ಆ ಲೆಕ್ಕದಲ್ಲಿ, ಬೇರೆಯವರದನ್ನು ಅಳಿಸಿ ಬರೆದವರಿಗೇ ಎರಡು ಪಟ್ಟು ಲಾಭ. ಮೂರು ಮಧ್ಯಾಹ್ನ ಕೌಂಟರಿನ ಪಕ್ಕ ನಿಂತದ್ದಕ್ಕೆ ಸೊನ್ನೆ.

ಕೊನೆಗೆ ನಾನು ಮಾಡಿದ್ದು ಹೀಗೆ. ಆರೂ ಜನರನ್ನು ಕೂರಿಸಿ, ಮೊದಲು ನನ್ನ ತಪ್ಪು ಹೇಳಿದೆ. ಲೀಡರನ್ನು ನಾನೇ ಹೇರಿದ್ದು, ನಡುವೆ ಒಂದು ಸಲವೂ ವಿಚಾರಿಸದೇ ಇದ್ದದ್ದು, ವರದಿಗೆ ಮಾತ್ರ ಅಂಕ ಇಟ್ಟದ್ದು. ಆಮೇಲೆ 40ರಲ್ಲಿ 25 ಅಂಕ ವರದಿಗೆ ಉಳಿಸುತ್ತೇನೆ, 15ಕ್ಕೆ ಹೊಸ ಕೆಲಸ ಅಂದೆ. ಹತ್ತು ದಿನ ಸಮಯ. ಕೌಂಟರಿನ ಹುಡುಗನ ಎರಡು ಪುಟ ಇಟ್ಟುಕೊಂಡು ಶಿಫಾರಸಿನ ಭಾಗ ಮತ್ತೆ ಬರೆಯಬೇಕು. ಅದನ್ನು ನಡೆಸುವುದು ಅವನು. ಲೀಡರ್ ಸಲಹೆ ಕೊಡಬಹುದು, ಡಾಕ್ಯುಮೆಂಟ್ ಮುಟ್ಟುವ ಹಾಗಿಲ್ಲ. ಜೊತೆಗೆ ಪ್ರತಿಯೊಬ್ಬರೂ ಒಂದೊಂದು ಪುಟ ಬರೆಯಬೇಕು, ಸೆಮಿಸ್ಟರಿನಲ್ಲಿ ತಾನು ತೆಗೆದುಕೊಂಡ ಅಥವಾ ತೆಗೆದುಕೊಳ್ಳದೇ ಬಿಟ್ಟ ಒಂದೇ ಒಂದು ತೀರ್ಮಾನದ ಬಗ್ಗೆ.

ಲೀಡರಿಗೆ ಇದು ಅನ್ಯಾಯ ಅನಿಸಿತು. ಕಷ್ಟಪಟ್ಟು ಗಳಿಸಿದ 37 ಈಗ ಅಪಾಯದಲ್ಲಿತ್ತು. ಅವಳ ದೃಷ್ಟಿಯಿಂದ ನೋಡಿದರೆ ಅವಳು ಹೇಳಿದ್ದು ಸರಿ. ಆಟ ಮುಗಿದ ಮೇಲೆ ನಿಯಮ ಬದಲಾಯಿಸಿದ್ದು ನಾನು. ಅದಕ್ಕೇ ಒಂದು ಮಾತು ಕೊಟ್ಟೆ: ಹೊಸ ಕೆಲಸದಿಂದ ಯಾರ ಅಂಕ ಕಡಿಮೆಯಾದರೂ, ಸೆಮಿಸ್ಟರ್ ಪೂರ್ತಿ ಕೆಲಸ ಮಾಡಿದ ದಾಖಲೆ ಇದ್ದವರಿಗೆ 37 ಉಳಿಯುತ್ತದೆ.

ಏನಾಯಿತು

ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಕೌಂಟರಿನ ಹುಡುಗನಿಗೆ ಎಲ್ಲರನ್ನೂ ಕರೆಯಲು ಸಂಕೋಚ. ಐದನೇ ದಿನ ಅವನು ಮೀಟಿಂಗ್ ಕರೆಯಲಿಲ್ಲ, ಬದಲಿಗೆ ಎಲ್ಲರನ್ನೂ ಲೈಬ್ರರಿಗೆ ಕರೆದುಕೊಂಡು ಹೋಗಿ ಕ್ಯೂ ಪಕ್ಕದಲ್ಲಿ ನಿಲ್ಲಿಸಿದ. "ಸುಮ್ನೆ ಅರ್ಧ ಗಂಟೆ ನೋಡಿ" ಅಂದನಂತೆ. ಇದನ್ನು ನನಗೆ ಹೇಳಿದ್ದು ಸ್ಲೈಡ್ ಮಾಡಿದ ಹುಡುಗಿ. ನೋಡಿದ ಮೇಲೆ ಮಾತು ತಾನೇ ಶುರುವಾಯಿತು. ಪ್ರಶ್ನಾವಳಿಯ ಹುಡುಗಿ ಲೆಕ್ಕದ ವಿಭಾಗಕ್ಕೆ ಹೋಗಿ ದಿನಕ್ಕೆ ಎಷ್ಟು ದಂಡದ ರಸೀದಿ ಹರಿಯುತ್ತಾರೆ ಅಂತ ಕೇಳಿಕೊಂಡು ಬಂದಳು. ಗೆಳತಿಯರಿಬ್ಬರು ಬರೆದರು.

ಹೊಸ ಶಿಫಾರಸು ಐದು ಪುಟ. ಅದನ್ನು ಓದಿ ಲೈಬ್ರರಿಯನ್ ಹೇಳಿದ ಮಾತು ನನಗೆ ಚುಚ್ಚಿತು. "ಇದನ್ನೇ ಮೊದಲು ಹೇಳಬಾರದಿತ್ತಾ? ಇನ್ನೊಬ್ಬ ಸಿಬ್ಬಂದಿ ನನ್ನ ಕೈಲಿಲ್ಲ. ಇದು ನನ್ನ ಕೈಲಿದೆ." ಮರುವಾರದಿಂದ ರಸೀದಿ ಇರುವವರು ಕ್ಯೂ ಬಿಟ್ಟು ನೇರ ಕೌಂಟರಿಗೆ ಬರಬಹುದು ಅಂತ ಒಂದು ಹಾಳೆ ಅಂಟಿಸಿದರು. 32 ಪುಟದ ವರದಿಗೆ 37 ಕೊಟ್ಟಾಗ, ಅದರ ಶಿಫಾರಸು ಕೆಲಸಕ್ಕೆ ಬರುತ್ತದಾ ಅಂತ ನಾನು ಅವರನ್ನು ಕೇಳಿರಲೇ ಇಲ್ಲ.

ಆರನೆಯವನು ಈ ಹತ್ತು ದಿನವೂ ಬರಲಿಲ್ಲ. ಅವನಿಗೆ ವರದಿಯ ಪಾಲಿನ ಅಂಕ ಕೂಡ ಪೂರ್ತಿ ಕೊಡಲಿಲ್ಲ. ಕರೆದು ಮಾತಾಡಿಸಿದೆ. ಈ ಕೋರ್ಸೇ ಅವನಿಗೆ ಬೇಕಿರಲಿಲ್ಲ, ಬೇರೆ ಕೋರ್ಸಿನಲ್ಲಿ ಸೀಟು ಸಿಗದೆ ಬಂದವನು. ಪ್ರತಿಯೊಬ್ಬರನ್ನೂ ಗೆಲ್ಲಬಹುದು ಅಂತ ನಾಯಕತ್ವದ ಪಠ್ಯಗಳು ಕೆಲವೊಮ್ಮೆ ಧ್ವನಿಸುತ್ತವೆ. ನನಗೆ ಹಾಗೆ ಅನಿಸುವುದಿಲ್ಲ.

ಲೀಡರಿನ ಒಂದು ಪುಟ ನಾನು ಓದಿದ ಅತ್ಯಂತ ಪ್ರಾಮಾಣಿಕ ಬರವಣಿಗೆಗಳಲ್ಲಿ ಒಂದು. ಆ ಹನ್ನೊಂದು ನಿಮಿಷದ ಬಗ್ಗೆಯೇ ಬರೆದಿದ್ದಳು. ತನಗೆ ತಪ್ಪು ಕಂಡ ಕೂಡಲೇ ಕೈ ಹೋಗುತ್ತದೆ, ಕೇಳುವುದಕ್ಕಿಂತ ಸರಿ ಮಾಡುವುದು ಬೇಗ ಆಗುತ್ತದೆ, ಆ ಬೇಗದಲ್ಲಿ ಒಬ್ಬ ಮನುಷ್ಯ ಹೊರಗೆ ಹೋದದ್ದು ಕಾಣಲಿಲ್ಲ ಅಂತ. ಅವಳ ಅಂತಿಮ ಅಂಕ 38. ಕೌಂಟರಿನ ಹುಡುಗನಿಗೆ 36. ಅವನಿಗೆ ಎರಡು ಕಡಿಮೆಯಾದದ್ದು ಒಂದು ಪುಟದ ಬರಹದಲ್ಲಿ. ನಾಲ್ಕನೇ ವಾರದ ನಂತರ ತಾನೂ ಒಂದು ಮಾತು ಕೇಳಬಹುದಿತ್ತು ಅನ್ನುವ ಕಡೆಗೆ ಅವನು ಹೋಗಲೇ ಇಲ್ಲ. ಅವನ ತಪ್ಪು ಸಣ್ಣದು, ಆದರೆ ಇತ್ತು.

ಮುಂದಿನ ಸೆಮಿಸ್ಟರಿಗೆ ಬದಲಾದದ್ದು

ಲೀಡರನ್ನು ಈಗ ನಾನು ಆರಿಸುವುದಿಲ್ಲ. ಮೂರು ವಾರಕ್ಕೊಬ್ಬರಂತೆ ಸಂಯೋಜಕರು ಬದಲಾಗುತ್ತಾರೆ. ಎರಡನೇ ವಾರ ಗುಂಪು ಒಂದು ಪುಟದ ಒಪ್ಪಂದ ಬರೆಯುತ್ತದೆ. ಅದರಲ್ಲಿ ಒಂದು ಸಾಲು ಕಡ್ಡಾಯ: ಬೇರೆಯವರು ಬರೆದದ್ದನ್ನು ತೆಗೆಯುವ ಮೊದಲು ಅವರ ಜೊತೆ ಮಾತಾಡಬೇಕು. ಐದನೇ ವಾರ ನಾನು ಪ್ರತಿ ಗುಂಪಿನ ಜೊತೆ ಇಪ್ಪತ್ತು ನಿಮಿಷ ಕೂರುತ್ತೇನೆ, ಎಡಿಟ್ ಹಿಸ್ಟರಿ ತೆರೆದಿಟ್ಟುಕೊಂಡು. ಪೊಲೀಸ್ ಕೆಲಸಕ್ಕಲ್ಲ. ಯಾರ ಹೆಸರು ಕಾಣುವುದು ನಿಂತುಹೋಗಿದೆ ಅಂತ ನೋಡಲು. ಪ್ರಾಜೆಕ್ಟಿನ 40ರಲ್ಲಿ 20 ವರದಿಗೆ, 10 ಒಬ್ಬೊಬ್ಬರ ಸ್ವಂತ ಬರಹಕ್ಕೆ, 10 ಗುಂಪಿನವರು ಪರಸ್ಪರ ಕೊಡುವುದಕ್ಕೆ.

ಆ ಕೊನೆಯ 10 ಅಂಕ ಇನ್ನೂ ಕುಂಟುತ್ತಿದೆ. ಮೊದಲ ಸಲ ಏಳರಲ್ಲಿ ಐದು ಗುಂಪುಗಳು ಎಲ್ಲರಿಗೂ 8 ಅಂತ ಬರೆದು ಕೊಟ್ಟವು. ಗೆಳೆತನ ಉಳಿಸಿಕೊಳ್ಳಲು ಅಷ್ಟು ಸಾಕಲ್ವಾ? ಗುಟ್ಟಾಗಿ ಬರೆಸಿದರೆ ಕೆಲವರು ಹಳೇ ಸಿಟ್ಟು ತೀರಿಸಿಕೊಂಡರು. ಈ ಸೆಮಿಸ್ಟರ್ ಅಂಕಿ ಕೇಳುವುದನ್ನೇ ಬಿಟ್ಟಿದ್ದೇನೆ. ಗುಂಪಿನ ಪ್ರತಿಯೊಬ್ಬರ ಬಗ್ಗೆ ಒಂದೊಂದು ಘಟನೆ ಬರೆಯಿರಿ ಅನ್ನುತ್ತೇನೆ: ಇಂಥ ದಿನ, ಇವರು ಇಂಥದ್ದು ಮಾಡಿದರು, ಅದರಿಂದ ನಮ್ಮ ಕೆಲಸ ಹೀಗೆ ಬದಲಾಯಿತು. ಅದನ್ನು ಓದಿ ಅಂಕ ಹಾಕುವುದು ನಾನು. ಏಳು ಗುಂಪಿನ 42 ವಿದ್ಯಾರ್ಥಿಗಳು ತಲಾ ಐದು ಘಟನೆ ಬರೆದರೆ 210 ಘಟನೆ. ಎರಡು ವಾರಾಂತ್ಯ ಬೇಕು. ಮೊದಲ ಕಂತು ಕಳೆದ ವಾರ ಬಂತು. ಮೂರು ಜನರ ಬಗ್ಗೆ ಗುಂಪಿನ ಯಾರಿಗೂ ಒಂದು ಘಟನೆಯೂ ನೆನಪಾಗಿಲ್ಲ. ಸೆಮಿಸ್ಟರಿಗೆ ಇನ್ನೂ ಎಂಟು ವಾರ ಇದೆ. ಆ ಮೂವರನ್ನು ನಾಳೆ ಬರಹೇಳಿದ್ದೇನೆ.